ಎಡಗಡೆಯ ಸೀಟು

ಏನೂಂದ್ರೆ,

ರೇಸಿಗೆಂದು ನೀವು ಸಜ್ಜು ಮಾಡುತ್ತಿದ್ದ ಹಳೇ ಎಂ.ಜಿ. ಕಾರನ್ನು ಇವತ್ತು ಯಡಿಯೂರಿನ ಹುಡುಗನೊಬ್ಬ ಕೊಂಡುಕೊಂಡ. ನೀವು ತೀರಿಕೊಂಡ ಮೇಲೆ ಅದರ ಎಂಜಿನ್ನು ಸದ್ದು ಮಾಡಿದ್ದು ಇವತ್ತೇ.

“ಹೊಸ ಎಂಜಿನ್ನಿಗೆ ಕಾಸಿಲ್ಲ, ಭಾರನಾದ್ರೂ ಇಳಿಸ್ತೀನಿ. ಹೇಗೂ ನೀನು ಬರಲ್ಲ” ಎಂದು ನೀವು ಕಿತ್ತಿಟ್ಟ ಎಡಗಡೆಯ ಸೀಟು ಜಗಲಿಯಲ್ಲೇ ಇತ್ತು. ಅಕ್ಕಿ ಆರಿಸಲು ನಾನು ಅದರ ಮೇಲೆಯೇ ಕೂರುತ್ತಿದ್ದೆ. ಆ ಹುಡುಗ ಅದಕ್ಕಂಟಿದ್ದ ನುಚ್ಚು ಒರೆಸಿ, ಕಾರಿಗೆ ಮತ್ತೆ ಕೂರಿಸಿ, “ಕೂತ್ಕೊಳ್ಳಿ ಅಕ್ಕಾ, ಕೆರೆ ತನಕ ಒಂದು ರೌಂಡು ಹೋಗ್ಬರೋಣ” ಎಂದ.

“ಟಾಪಿಲ್ಲದ ಕಾರು, ಜನ ನೋಡ್ತಾರೆ” ಎಂದೆ, ನಿಮಗೆ ಯಾವಾಗಲೂ ಹೇಳುತ್ತಿದ್ದ ಹಾಗೆಯೇ.

ಬೀದಿಯಲ್ಲಿ ಯಾರೂ ಇರಲಿಲ್ಲ.