ಮೇಲಿನ ಕೋಣೆಗೆ ಅಜ್ಜಿ ಬರುತ್ತಿಲ್ಲ

ಮಾರ್ಚ್ ೯, ಸೋಮವಾರ, ರಾತ್ರಿ

ಬೆಳಗ್ಗೆ ಮೆಟ್ಟಿಲಿಳಿಯುವಾಗ ಗಮನಿಸಿದೆ. ಅಜ್ಜಿ ವರ್ಷಗಟ್ಟಲೆ ಅಂಗೈ ಊರಿಕೊಂಡು ಹತ್ತಿದ್ದಕ್ಕೆ ಗೋಡೆಯಲ್ಲಿ ಒಂದು ಮಾಸಲು ಪಟ್ಟೆ ಮೂಡಿದೆ. ಅದು ನೇರ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವಳು ಇಲ್ಲಿಗೆ ಬಂದಿಲ್ಲ. ಇವತ್ತು ಬಡಗಿ ಬಂದು ಬಚ್ಚಲ ಗೋಡೆಗೆ, ಅವಳ ಮಂಚದ ಪಕ್ಕಕ್ಕೆ ಉಕ್ಕಿನ ಹಿಡಿಕೆ ಕೂರಿಸಿದ. ಎಡವುವ ಹೊಸ್ತಿಲನ್ನು ಕೆತ್ತಿ ನೆಲಕ್ಕೆ ಸಮ ಮಾಡಿದ.

"ಮೆಟ್ಟಿಲಿಗೂ ಒಂದು ಹಾಕ್ಲಾ ಸಾರ್?" ಎಂದು ಕೇಳಿದ.

"ಬೇಡ. ಅಮ್ಮಂಗೆ ಮೇಲೇನು ಕೆಲ್ಸ?" ಎಂದರು ಅಪ್ಪ.

ಅಜ್ಜಿ ಹೊಸ ಹಿಡಿಕೆ ಹಿಡಿದು ನಿಂತು, "ಸರಿ ಬಿಡಪ್ಪ. ಕಾಲಿಗೆ ರಿಟೈರ್ಮೆಂಟ್ ಆಯ್ತು, ಬಾಯಿಗಿನ್ನೂ ಸರ್ವೀಸ್ ಇದೆ" ಎಂದಳು. ಎಲ್ಲರೂ ನಕ್ಕರು.

ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು. "ಆ ಹುಡುಗಿ ಕೊನೆಗೆ ಮನೆ ಬಿಟ್ಟು ಹೋದ್ಲೇನೇ?"

ನಾನು ಅವಳಿಗೆ ದಿನಾ ರಾತ್ರಿ ಓದಿ ಹೇಳುತ್ತಿದ್ದ ಕಾದಂಬರಿಯ ಹುಡುಗಿ. ಅಜ್ಜಿಯಿಲ್ಲದೆ ನಾನೂ ಮುಂದೆ ಓದಿಲ್ಲ.

ಅಪ್ಪ ಹೇಳಿದ್ದು ಸರಿಯೇ. ಮೆಟ್ಟಿಲು ಕಡಿದಾಗಿದೆ, ಮತ್ತೆ ಬಿದ್ದರೆ ಯಾರು ಗತಿ? ಆದರೂ ಕಿವಿ ಬಾಗಿಲ ಕಡೆಗೇ ಇದೆ. ಈ ಹೊತ್ತಿಗೆ ಅಲ್ಲಿ ಅಜ್ಜಿಯ ಏದುಸಿರು ಕೇಳಬೇಕಿತ್ತು. ಹಾಸಿಗೆಯ ತುದಿಗೆ ಕೂತು, "ಹೂಂ, ಶುರು ಮಾಡು" ಎನ್ನಬೇಕಿತ್ತು.

ನಾಳೆ ನನ್ನ ಹಾಸಿಗೆಯನ್ನು ಕೆಳಗೆ ಅವಳ ಕೋಣೆಗೆ ಒಯ್ಯುತ್ತೇನೆ. ರಾತ್ರಿ ಎದ್ದರೆ ಅವಳ ಕಾಲಿಗೆ ತೊಡರದಂತೆ ಆಚೆ ಗೋಡೆಗೆ ಒತ್ತಿ ಹಾಸುತ್ತೇನೆ. ಅಪ್ಪ ಕೇಳಿದರೆ, ಮೇಲೆ ವಿಪರೀತ ಸೆಕೆ ಎಂದರಾಯಿತು.