ಬಿದ್ದ ನಾಟಕದ ಮೇಲೆ ಕೂತೆ

ಅಕ್ಟೋಬರ್ ೧೪, ಮಂಗಳವಾರ. ಕೊಸ್ತ್ರೋಮಾ

ಎಷ್ಟು ಖುಷಿ ಅಂತ ಬರೆಯಲಿ! ಮೂವತ್ತೆಂಟು ವರ್ಷ ನಾಟಕ ಆಡಿಸಿದ್ದು ಸಾಕು ಅಂತ ಇವತ್ತು ರಾಜೀನಾಮೆ ಬರೆದುಕೊಂಡೇ ಹೋಗಿದ್ದೆ. ಹೊಸ ನಾಟಕದ ಮೊದಲ ಓದು. ವಿಷಯ ಹೇಳೋಣ ಅಂತ ಎದ್ದು ನಿಂತರೆ, ಕೈಯಲ್ಲಿದ್ದ ನಾಟಕದ ಪ್ರತಿ, ರಾಜೀನಾಮೆ ಎರಡೂ ಜಾರಿ ನೆಲಕ್ಕೆ ಬಿದ್ದವು. ನಟರೆಲ್ಲ ಉಸಿರು ಬಿಗಿಹಿಡಿದರು. ಬಿದ್ದ ಪ್ರತಿಯನ್ನು ಅದರ ಮೇಲೆ ಕೂರದೆ ಎತ್ತಿಕೊಂಡರೆ ನಾಟಕ ನೆಲ ಕಚ್ಚುತ್ತದೆ ಅಂತ ನಮ್ಮ ರಷ್ಯಾದ ರಂಗದವರ ನಂಬಿಕೆ. ಅಜ್ಜಿಕಥೆ ಅಂತ ಇಷ್ಟು ವರ್ಷ ಬೈದವನು ನಾನೇ.

ಯೋಚಿಸುವ ಮೊದಲೇ ಪ್ರತಿಯ ಮೇಲೆ ಧೊಪ್ಪೆಂದು ಕೂತುಬಿಟ್ಟಿದ್ದೆ! ಈ ಮಂಡಿನೋವಿನಲ್ಲಿ!

ಹಿರಿಯ ನಟಿ ಫೈನಾ ಲ್ವೋವ್ನಾ ಪಕ್ಕದಲ್ಲಿ ಬಿದ್ದಿದ್ದ ರಾಜೀನಾಮೆ ಎತ್ತಿ ಓದಿದಳು. "ಅಲ್ರೀ ವೆನಿಯಾಮಿನ್ ಪ್ಲಾತೊನೊವಿಚ್, ಇದೂ ಬಿದ್ದಿತ್ತಲ್ಲ. ಇದರ ಮೇಲೆ ಯಾಕೆ ಕೂರ್ಲಿಲ್ಲ?"

ಏಳಲು ನೆಲಕ್ಕೆ ಕೈ ಊರಿದೆ.

"ಹಾಗಾದ್ರೆ ಇದು ನೆಲ ಕಚ್ಚಿತು ಬಿಡಿ," ಅಂದವಳೇ ಅದನ್ನು ಮೇಜಿನ ಮೇಲೆ ಹಾಕಿ, ಅದರ ಮೇಲೆ ಚಹಾ ಲೋಟ ಇಟ್ಟಳು. "ಏಳಬೇಡಿ, ಅಲ್ಲಿಂದಲೇ ಶುರು ಮಾಡಿ."

ಮೂರು ಗಂಟೆ ಎಲ್ಲರನ್ನೂ ನೆಲದ ಮೇಲೇ ಕೂರಿಸಿ ಓದಿಸಿದೆ. ಎರಡನೇ ಅಂಕದಲ್ಲಿ ಫೈನಾ ತೀರಾ ಬೇಗ ಅಳುತ್ತಾಳೆ. ನಾಳೆ ಬೆಳಿಗ್ಗೆಯೇ ಹೇಳಬೇಕು, ಮೊದಲು ನಗು, ಆಮೇಲೆ…