ತೊಳೆಯದ ಒಂದು ತಟ್ಟೆಗಾಗಿ

ಸ್ವಚ್ಛತೆಯ ಹೊಣೆ ಹೊತ್ತ ಮಾನ್ಯರೇ,

ತಾವು ಹೊರಡಿಸಿದ ಆದೇಶವನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಅದರಿಂದ ನಮ್ಮ ಕೋಣೆಯ ಕೀಟಗಳು ಸತ್ತವು. ಆ ಸಾವಿಗೆ ಕಾರಣವೆಂದು, ಆದೇಶ ಬೇಡವೆಂದ ಒಬ್ಬಳನ್ನೇ ಹುಡುಕಿ ತಾವು ಅಮಾನತು ಮಾಡಿದಿರಿ. ನನ್ನ ದೂರು ಇಷ್ಟೇ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ಈ ಪತ್ರವನ್ನು ಪತ್ರಿಕೆಗೂ ಕಳಿಸಿ, ತಾವು ದಿನಾ ಹಾದು ಹೋಗುವ ಗೇಟಿನ ಬಳಿಯ ಬೋರ್ಡಿಗೂ ಅಂಟಿಸುತ್ತಿದ್ದೇನೆ.

ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಈ ಸಂಶೋಧನಾ ಕೇಂದ್ರದ ಹಿಂಬದಿಯ ಒಂದು ಕೋಣೆಯಲ್ಲಿ ನಾವು ಹಸಿರು ತಿಗಣೆ ಸಾಕುತ್ತೇವೆ. ಹಾಸಿಗೆಯ ತಿಗಣೆಯಲ್ಲ, ಗಾಬರಿಯಾಗಬೇಡಿ. ಇದು ಹುರುಳಿಕಾಯಿಯ ರಸ ಹೀರುವ ಪೀಡೆ. ಪೀಡೆಯನ್ನು ಯಾಕೆ ಸಾಕಬೇಕು? ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಸಾಸಿವೆಗಿಂತ ಸಣ್ಣ ಕಡಜವೊಂದಿದೆ. ಆ ಕಡಜವನ್ನು ಬೆಳೆಸಿ ತೋಟದವರಿಗೆ ಕೊಡಬೇಕಾದರೆ ತಿಗಣೆಯ ಮೊಟ್ಟೆ ಬೇಕು. ಹತ್ತೊಂಬತ್ತು ವರ್ಷದಿಂದ ಈ ಕೋಣೆಯನ್ನು ನಡೆಸಿದವಳು ಅಕ್ಕ. ರಕ್ತಸಂಬಂಧ ಏನೂ ಇಲ್ಲ. ಗೇಟಿನವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಕರೆಯುವುದೇ ಹಾಗೆ. ನಾನು ಅವಳ ಸಹಾಯಕ. ತಿಗಣೆ ಸಾಕುವ ತಟ್ಟೆ ಒರೆಸುವುದು, ಕಾಯಿ ಬದಲಿಸುವುದು ನನ್ನ ಕೆಲಸ.

ತಾವು ತಪಾಸಣೆಗೆ ಬಂದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಿರಿ. ಎಲೆಯ ಮೇಲಿನ ಮೊಟ್ಟೆಗಳಿಗೆ ಮೆತ್ತಿದ್ದ ಕಂದು ಕಲೆ ನೋಡಿ, “ಏನಮ್ಮಾ ಇದು ಗಲೀಜು?” ಎಂದಿರಿ.

“ಅದು ಗಲೀಜಲ್ಲ ಸಾರ್. ತಾಯಿ ಹಚ್ಚಿದ್ದು,” ಎಂದಳು ಅಕ್ಕ.

“ತಾಯಿ ಹಚ್ಚಿದ್ರೆ ಗಲೀಜು ಚಿನ್ನ ಆಗತ್ತಾ?” ಎಂದಿರಿ. ಜೊತೆಗೆ ಬಂದವರೆಲ್ಲ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ. ವಾರದೊಳಗೆ ಆದೇಶ ಬಂತು: ಎಲ್ಲ ಮೊಟ್ಟೆಗಳನ್ನೂ ಇಟ್ಟ ಇಪ್ಪತ್ನಾಲ್ಕು ಗಂಟೆಯೊಳಗೆ ಬ್ಲೀಚ್ ನೀರಿನಲ್ಲಿ ತೊಳೆಯತಕ್ಕದ್ದು.

ಆ ಗಲೀಜು ಏನೆಂದು ಕೇಳುವಷ್ಟು ಪುರುಸೊತ್ತು ತಮಗಿರಲಿಲ್ಲ, ಈಗಲಾದರೂ ಕೇಳಿ. ತಿಗಣೆಯ ಕರುಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತದೆ. ಗಿಡದ ರಸದಲ್ಲಿ ಸಿಗದ ಪೋಷಣೆಯನ್ನು ಅದು ಒದಗಿಸುತ್ತದೆ. ಮರಿ ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಇದು ಇರುವುದಿಲ್ಲ. ಅದಕ್ಕೇ ತಾಯಿ ಮೊಟ್ಟೆಯಿಡುವಾಗ ತನ್ನ ಹೊಟ್ಟೆಯದನ್ನೇ ಮೇಲೆ ಸವರಿ ಹೋಗುತ್ತಾಳೆ. ಒಡೆದು ಬಂದ ಮರಿಗಳು ಬೇರೆಲ್ಲೂ ಹೋಗದೆ ಖಾಲಿ ಚಿಪ್ಪಿನ ಸುತ್ತ ಗುಂಪಾಗಿ ಕೂತು, ಮೂತಿಯಿಂದ ತಡಕಿ ತಡಕಿ ಅದನ್ನು ಹೀರುತ್ತವೆ. ಆಮೇಲೆಯೇ ಕಾಯಿಯ ಕಡೆ ಹೆಜ್ಜೆ. ಈ ತಿಗಣೆಯ ಮರಿ ಬದುಕುವುದು ಆ ಒಂದು ಲೇಪದಿಂದ. ಇನ್ನು ಕೆಲವು ಜಾತಿಯ ಕೀಟಗಳು ಪ್ರತಿ ತಲೆಮಾರಿನಲ್ಲೂ ಇಂಥದ್ದನ್ನು ಮಣ್ಣಿನಿಂದ ಹೆಕ್ಕಿಕೊಳ್ಳುತ್ತವಂತೆ. ದಯವಿಟ್ಟು ಮಣ್ಣು ತೊಳೆಯುವ ಆದೇಶ ಹೊರಡಿಸಬೇಡಿ.

ತೊಳೆದೆವು. ನಾನೇ ತೊಳೆದೆ, ಈ ಕೈಯಿಂದಲೇ. ಮರಿಗಳು ಎಂದಿನಂತೆ ಒಡೆದು ಬಂದವು, ಚಿಪ್ಪಿನ ಸುತ್ತ ಕೂತವು, ತಡಕಿದವು. ಏನಿತ್ತು ಅಲ್ಲಿ, ಮಣ್ಣು? ಒಂದು ದಿನ ಕೂರುವವು ಎರಡು ದಿನ ಕೂತವು. ತಾವು ಕೋಣೆಗೆ ಸ್ವಚ್ಛತಾ ಪ್ರಮಾಣಪತ್ರ ಕೊಟ್ಟ ವಾರವೇ ಸಾಯಲು ಶುರುವಾದವು. ಕಾಯಿಯ ಮೇಲೇ ಕೂತಿದ್ದವು, ಹೀರಿದ್ದು ಮೈಗೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ತಟ್ಟೆ ತೆಗೆದರೆ ತಳದಲ್ಲಿ ಉದುರಿದ ರಾಶಿ. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಆಮೇಲೆ ಅವಳು ಮಾಡಿದ್ದು ಒಂದೇ ಕೆಲಸ. ಆದೇಶಕ್ಕೆ ಮೊದಲಿನ ತಟ್ಟೆಯೊಂದರ ಖಾಲಿ ಚಿಪ್ಪುಗಳನ್ನು ಹನಿ ನೀರಿನಲ್ಲಿ ನೆನೆಸಿ, ಆ ನೀರನ್ನು ತೊಳೆದ ಒಂದು ತಟ್ಟೆಯ ಮೊಟ್ಟೆಗಳಿಗೆ ಸಣ್ಣ ಕುಂಚದಿಂದ ಹಚ್ಚಿದಳು. “ಹೆತ್ತವಳು ಮಾಡಿದ್ದನ್ನ ತೊಳೆಸಿದಾರೆ, ನಾನಾದ್ರೂ ಮಾಡ್ತೀನಿ ಕಣೋ,” ಎಂದಳು. ಆ ಒಂದು ತಟ್ಟೆಯ ಮರಿಗಳು ಮಾತ್ರ ಗುಂಡುಗುಂಡಗೆ ಬೆಳೆದವು. ಅಷ್ಟರಲ್ಲಿ ತಮ್ಮ ಎರಡನೇ ತಪಾಸಣೆ. ಕುಂಚ ಸಿಕ್ಕಿತು, ಕಂದು ನೀರು ಸಿಕ್ಕಿತು. ಬದುಕಿದ್ದ ಆ ತಟ್ಟೆಯನ್ನು ತಮ್ಮ ಎದುರಿಗೇ ಸುಡಿಸಿದಿರಿ. ಉಳಿದ ತಟ್ಟೆಗಳು ಸತ್ತದ್ದಕ್ಕೆ ಅಕ್ಕ ಹಚ್ಚಿದ ಕೊಳಕೇ ಕಾರಣವೆಂದು ಬರೆದಿರಿ. ಅವಳು ಕುಂಚ ಮುಟ್ಟಿಸದ ತಟ್ಟೆಗಳು ಅವಳಿಂದ ಹೇಗೆ ಸತ್ತವು, ಮಾನ್ಯರೇ? ಇದನ್ನು ಕೇಳಲು ತಮ್ಮ ಕಚೇರಿಯಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲವೇ?

ನನಗೂ ಬರಲಿಲ್ಲ. ವಿಚಾರಣೆಯಲ್ಲಿ ನನ್ನ ಮುಂದೆ ಒಂದು ಹಾಳೆ ಇಟ್ಟರು: ‘ಸದರಿ ನೌಕರಳು ಮೊಟ್ಟೆಗಳಿಗೆ ಕಲ್ಮಶ ಲೇಪಿಸಿದ್ದನ್ನು ನೀವು ಕಂಡಿರುವಿರಾ? ಹೌದು / ಇಲ್ಲ.’ ನಾನು ಕಂಡಿದ್ದೆ. ‘ಹೌದು, ಆದರೆ’ ಎಂದು ಬರೆಯಲು ಹೋದೆ. “ಆದರೆಗೆ ಜಾಗ ಇಲ್ಲ ಕಣ್ರೀ, ಒಂದು ಟಿಕ್ ಹಾಕಿ ಸಾಕು,” ಎಂದರು ಗುಮಾಸ್ತರು. ಹಾಕಿದೆ. ಸತ್ಯ ಹೇಳಿ ಅವಳ ಕುತ್ತಿಗೆ ಕೊಯ್ದೆ. ಸಾವಿನ ಕಾರಣ ವಿವರಿಸಬೇಕಾದ ಕೀಟಶಾಸ್ತ್ರಜ್ಞರ ಹುದ್ದೆ ಒಂದೂವರೆ ವರ್ಷದಿಂದ ಖಾಲಿ. ಹಿಂದಿದ್ದವರಿಗೆ ಫೋನ್ ಮಾಡಿದರೆ, “ನೀನು ಹೇಳೋದು ಸರೀನೇ ಇದೆಯಪ್ಪಾ, ಆದ್ರೆ ನಾನೀಗ ಆ ವಿಭಾಗದಲ್ಲಿಲ್ಲ,” ಎಂದು ಇಟ್ಟರು.

ಮುಂದಿನ ತಿಂಗಳ ಕೊನೆಗೆ ಅಂತಿಮ ವಿಚಾರಣೆ. ಅವತ್ತು ಅಕ್ಕನ ಕೆಲಸ ಉಳಿಯಬೇಕಾದರೆ ತೊಳೆಯದೆ ಬೆಳೆದ ಒಂದು ತಟ್ಟೆಯನ್ನು ಮೇಜಿನ ಮೇಲಿಡಬೇಕು. ಅವಳ ಪರ ಬೇರೆ ಸಾಕ್ಷಿ ಇಲ್ಲ. ಆದೇಶಕ್ಕೆ ಮೊದಲು ಹುಟ್ಟಿದ ಮುದಿ ತಾಯಂದಿರಲ್ಲಿ ಒಂದೇ ಉಳಿದಿದೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ಅದು ಹದಿನಾಲ್ಕು ಮೊಟ್ಟೆ ಇಟ್ಟು, ಸವರಿ, ಪಕ್ಕಕ್ಕೆ ಸರಿದು ಕೂತಿದೆ. ಇನ್ನೊಮ್ಮೆ ಇಡುವಂತೆ ಕಾಣುವುದಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. “ತೊಳೆದುಬಿಡೋ. ನಿನ್ನನ್ನೂ ಮನೆಗೆ ಕಳಿಸಿದ್ರೆ ಆ ಮುದುಕಿಗೆ ಕಾಯಿ ಹಾಕೋರು ಯಾರು?” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶ ಹಿಂತೆಗೆಯಬೇಡಿ, ಕ್ಷಮೆ ಕೇಳಬೇಡಿ, ಪ್ರಮಾಣಪತ್ರವೂ ಗೋಡೆಯ ಮೇಲೆ ಇರಲಿ. ‘ಈ ಒಂದು ತಟ್ಟೆ ತೊಳೆಯಬೇಡ’ ಎಂದು ಒಂದು ಸಾಲು ಬರೆದು, ಸಹಿ ಹಾಕಿ, ಗೇಟಿನವನ ಕೈಯಲ್ಲಿ ಕಳಿಸಿ. ನಾಳೆ ಬೆಳಿಗ್ಗೆ ಹತ್ತರವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಬರದಿದ್ದರೆ ತೊಳೆಯುತ್ತೇನೆ. ಆದೇಶ ಮೀರುವ ಧೈರ್ಯ ನನಗಿಲ್ಲ, ಇದ್ದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಹತ್ತೂವರೆಗೆ ಚೀಟಿ ಕಳಿಸುವ ತೊಂದರೆ ಮಾತ್ರ ತೆಗೆದುಕೊಳ್ಳಬೇಡಿ.

ಇಂತಿ,
ಹೇಳಿದ್ದಷ್ಟನ್ನೇ ಮಾಡಿ ಬದುಕಿಕೊಂಡಿರುವ,
ಕೀಟಗಳ ಕೋಣೆಯ ಸಹಾಯಕ